ಒಂದು ಯುದ್ಧಕ್ಕೆ ಮೆರವಣಿಗೆ, ಇನ್ನೊಂದಕ್ಕೆ ಮೌನ: ಏಕೆ ಹೀಗೆ?

ಪ್ರಶ್ನೆ: ಮಂಗಳೂರಿನ ಕ್ಲಾಕ್ ಟವರ್ ಬಳಿ ಒಂದು ಯುದ್ಧದ ವಿರುದ್ಧ ಘೋಷಣೆ ಕೂಗಿದವರು ಮತ್ತೊಂದು ಯುದ್ಧ ನಡೆದಾಗ ಅತ್ತ ಸುಳಿಯುವುದೇ ಇಲ್ಲ. ಇವರ ವಿರೋಧ ಯುದ್ಧಕ್ಕೋ, ತಮಗಾಗದ ಪಕ್ಷಕ್ಕೋ?

ಉತ್ತರ: ಹೆಚ್ಚಿನ ಸಂದರ್ಭಗಳಲ್ಲಿ ಎರಡೂ ಬೆರೆತಿರುತ್ತವೆ, ಯಾವುದರ ಪಾಲು ಎಷ್ಟೆಂಬುದು ಅಧಿಕಾರ ಕೈಬದಲಾದಾಗ ತಿಳಿಯುತ್ತದೆ. ಅಮೆರಿಕದ ರಿಪಬ್ಲಿಕನ್ ಅಧ್ಯಕ್ಷ ಬುಷ್ ಹೂಡಲಿದ್ದ ಇರಾಕ್ ಯುದ್ಧವನ್ನು ವಿರೋಧಿಸಿ 2003ರ ಫೆಬ್ರವರಿ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಜನ ಬೀದಿಗಿಳಿದಿದ್ದರು. ಆ ಬಳಿಕ ಅಮೆರಿಕದಲ್ಲಿ ಆ ಚಳವಳಿ ಏನಾಯಿತೆಂದು ಅರಿಯಲು ಮೈಕಲ್ ಹೀನಿ ಮತ್ತು ಫಾಬಿಯೊ ರೋಹಾಸ್ ಎಂಬ ಸಂಶೋಧಕರು 2007ರಿಂದ 2009ರವರೆಗೆ ಮೆರವಣಿಗೆಗಳಿಗೇ ಹೋಗಿ, ಬಂದವರನ್ನು ವಿಚಾರಿಸಿದರು. ಎದುರಿನ ಡೆಮಾಕ್ರಟಿಕ್ ಪಕ್ಷದ ಒಬಾಮಾ 2008ರ ಅಧ್ಯಕ್ಷ ಚುನಾವಣೆ ಗೆದ್ದ ಮೇಲೆ ಆ ಪಕ್ಷದ ಒಲವಿನವರು ದೊಡ್ಡ ಪ್ರಮಾಣದಲ್ಲಿ ಹಿಂದೆ ಸರಿದದ್ದು ಅವರಿಗೆ ಕಂಡುಬಂತು. ಯುದ್ಧವೇನೂ ನಿಂತಿರಲಿಲ್ಲ. 2009ರ ಡಿಸೆಂಬರ್ 1ರಂದು ಅಫ್ಘಾನಿಸ್ತಾನಕ್ಕೆ ಇನ್ನೂ 30,000 ಸೈನಿಕರನ್ನು ಕಳುಹಿಸುವುದಾಗಿ ಘೋಷಿಸಿದ ಅದೇ ಅಧ್ಯಕ್ಷರು ಡಿಸೆಂಬರ್ 10ರಂದು ನೊಬೆಲ್ ಶಾಂತಿ ಪ್ರಶಸ್ತಿ ಸ್ವೀಕರಿಸಿದರು.

ಎದುರು ಪಕ್ಷದವರ ಕಥೆ ಇದಕ್ಕಿಂತ ಮೇಲಲ್ಲ. ರಾಸಾಯನಿಕ ಅಸ್ತ್ರ ಬಳಸಿದ ಸಿರಿಯಾದ ಮೇಲೆ ಕ್ಷಿಪಣಿ ದಾಳಿ ಮಾಡುವುದನ್ನು 2013ರಲ್ಲಿ, ಒಬಾಮಾ ಕಾಲದಲ್ಲಿ, ಬೆಂಬಲಿಸಿದ ರಿಪಬ್ಲಿಕನ್ನರು ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಮತ್ತು ಎಬಿಸಿ ವಾಹಿನಿಯ ಸಮೀಕ್ಷೆಯ ಪ್ರಕಾರ ಶೇ. 22 ಮಾತ್ರ, 2017ರಲ್ಲಿ ಟ್ರಂಪ್ ಅಂಥದೇ ದಾಳಿ ನಡೆಸಿದಾಗ ಶೇ. 86. ಡೆಮಾಕ್ರಟರ ಪ್ರಮಾಣ 38ರಿಂದ 37ಕ್ಕೆ ಬಂದಿತ್ತಷ್ಟೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು.

ಇದೆಲ್ಲ ಬರೀ ಕಪಟವೆಂದು ನನಗೆ ಅನ್ನಿಸುವುದಿಲ್ಲ. ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಒಂದು ಪ್ರತಿಭಟನೆ ನಡೆಯಬೇಕಾದರೆ ಪೊಲೀಸ್ ಅನುಮತಿ, ಧ್ವನಿವರ್ಧಕ, ಬ್ಯಾನರು, ತಾಲೂಕುಗಳಿಂದ ಜನರನ್ನು ಕರೆತರುವ ಬಸ್ಸು ಎಲ್ಲವೂ ಬೇಕು, ಮತ್ತು ಇವನ್ನು ಒದಗಿಸುವುದು ಸಾಮಾನ್ಯವಾಗಿ ಪಕ್ಷ ಅಥವಾ ಅದರ ಅಂಗಸಂಘಟನೆ. ಪಕ್ಷಕ್ಕೆ ಮುಜುಗರವಾಗುವ ಯುದ್ಧಕ್ಕೆ ಬಸ್ಸು ಹೊರಡುವುದಿಲ್ಲ. ಮನಸ್ಸಿನಲ್ಲಿ ವಿರೋಧವಿದ್ದವರೂ ಆಗ ಮನೆಯಲ್ಲೇ ಉಳಿಯುತ್ತಾರೆ. ಸರ್ಕಾರಗಳದ್ದೂ ಇದೇ ಪಾಡು: 1956ರಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ಸೇರಿ ಈಜಿಪ್ಟಿನ ಮೇಲೆ ನಡೆಸಿದ ಸೂಯೆಜ್ ದಾಳಿಯನ್ನು ತಡಮಾಡದೆ ಖಂಡಿಸಿದ ನೆಹರೂ ಸರ್ಕಾರ, ಅದೇ ನವೆಂಬರಿನಲ್ಲಿ ಹಂಗೇರಿಯಿಂದ ಸೋವಿಯತ್ ಸೇನೆ ಹೊರಟು ವಿಶ್ವಸಂಸ್ಥೆಯ ಉಸ್ತುವಾರಿಯಲ್ಲಿ ಚುನಾವಣೆ ನಡೆಯಲಿ ಎಂಬ ನಿರ್ಣಯದ ವಿರುದ್ಧ ಮತ ಹಾಕಿತು.

ಹಾಗಾದರೆ ಅಳೆಯುವುದು ಹೇಗೆ? ಎಲ್ಲ ಯುದ್ಧಗಳಿಗೂ ಬೀದಿಗಿಳಿಯಲು ಯಾರಿಂದಲೂ ಆಗದು. ತನ್ನದೇ ಸರ್ಕಾರ ಮಾಡುವ ಯುದ್ಧವನ್ನು ಮೊದಲು ಪ್ರಶ್ನಿಸುವುದು ತಪ್ಪಲ್ಲ. ಆದ್ದರಿಂದ ಮೌನಕ್ಕಿಂತ, ಕೊಟ್ಟ ಕಾರಣವನ್ನು ನೋಡುವುದು ಒಳ್ಳೆಯದು. ಸ್ವತಂತ್ರ ದೇಶದ ಮೇಲೆ ಸೈನ್ಯ ನುಗ್ಗಿಸಬಾರದು ಎಂಬುದೇ ಕಾರಣವಾಗಿದ್ದರೆ ಅದು 2003ರ ಇರಾಕಿಗೂ 2022ರ ಉಕ್ರೇನಿಗೂ ಸಲ್ಲಬೇಕು. 1990ರ ಆಗಸ್ಟ್ 2ರಂದು ಇರಾಕಿನ ಸದ್ದಾಂ ನುಗ್ಗಿದ, ಕರಾವಳಿಯ ಎಷ್ಟೋ ಮನೆಗಳ ಅನ್ನಕ್ಕೆ ಆಧಾರವಾಗಿದ್ದ ಕುವೈತಿಗೂ ಸಲ್ಲಬೇಕು. ಒಂದಕ್ಕೆ ಕಾರಣ ಕೊಟ್ಟು ಇನ್ನೊಂದಕ್ಕೆ ಸಮಜಾಯಿಷಿ ಹುಡುಕುವವರದ್ದು ಇಬ್ಬಗೆಯ ನೀತಿ. ಆದರೆ "ಆಗ ಎಲ್ಲಿದ್ದಿರಿ?" ಎಂದು ಕೇಳಿದ ಮಾತ್ರಕ್ಕೆ ಈಗಿನ ಯುದ್ಧ ಸರಿಯಾಗಿಬಿಡುವುದಿಲ್ಲ, ಆ ಪ್ರಶ್ನೆ ಎತ್ತುವವರಲ್ಲಿ ಅನೇಕರಿಗೆ ಬೇಕಾದದ್ದು ಚರ್ಚೆ ಅಲ್ಲಿಗೇ ಮುಗಿಯುವುದು.

ಮಾತಿಗೆ ಕಟ್ಟುಬಿದ್ದವರೂ ಇದ್ದಾರೆ. ಇರಾಕ್ ಯುದ್ಧದ ನಿರ್ಣಯಕ್ಕೆ 2002ರಲ್ಲಿ ವಿರುದ್ಧ ಮತ ಹಾಕಿದ್ದ ಡೆಮಾಕ್ರಟ್ ಡೆನ್ನಿಸ್ ಕುಸಿನಿಚ್ ಮತ್ತು ರಿಪಬ್ಲಿಕನ್ ರಾನ್ ಪಾಲ್ ಇಬ್ಬರೂ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದೆ ಲಿಬಿಯಾದಲ್ಲಿ ಯುದ್ಧ ನಡೆಸುತ್ತಿದ್ದಾರೆಂದು 2011ರ ಜೂನ್‌ನಲ್ಲಿ ಒಬಾಮಾ ವಿರುದ್ಧ ನ್ಯಾಯಾಲಯಕ್ಕೆ ಹೋದ ಹತ್ತು ಮಂದಿ ಸದಸ್ಯರಲ್ಲಿದ್ದರು. ದಾವೆ ಹೂಡುವ ಅರ್ಹತೆ ಅವರಿಗಿಲ್ಲವೆಂದು ನ್ಯಾಯಾಲಯ ಅದೇ ಅಕ್ಟೋಬರಿನಲ್ಲಿ ಅರ್ಜಿಯನ್ನು ವಜಾ ಮಾಡಿತು.