ಏರಿನಲ್ಲಿ ಟಾಪ್ ಗೇರಿನ ಆಸೆ

ಮೈಲೇಜ್ ಬರುತ್ತಿಲ್ಲವೆಂದು ನಮ್ಮ ಚಿಕ್ಕಮಗಳೂರಿನ ಗ್ಯಾರೇಜಿಗೆ ಬರುವ ಎಷ್ಟೋ ಕಾರುಗಳಲ್ಲಿ ದೋಷವೇ ಇರುವುದಿಲ್ಲ. ಏರ್ ಫಿಲ್ಟರ್ ಚೊಕ್ಕಟವಾಗಿರುತ್ತದೆ, ಟೈರಿನ ಗಾಳಿ ಸರಿಯಿರುತ್ತದೆ, ಬ್ರೇಕ್ ಹಿಡಿದುಕೊಂಡಿರುವುದಿಲ್ಲ. ಮಾಲೀಕರಿಗೇ ಓಡಿಸಲು ಹೇಳಿ ಪಕ್ಕದಲ್ಲಿ ಕುಳಿತರೆ ಕಾರಣ ತಿಳಿಯುತ್ತದೆ. ಕೈಮರ ದಾಟಿ ಮುಳ್ಳಯ್ಯನಗಿರಿಯ ಏರು ಎದುರಾದರೂ ನಾಲ್ಕನೇ ಗೇರು ಬಿಡಲು ಅವರಿಗೆ ಮನಸ್ಸಿಲ್ಲ. ಇಂಜಿನ್ ಗುಡುಗುಡು ಎನ್ನುತ್ತದೆ, ಗೇರಿನ ಹಿಡಿ ಅಂಗೈಯಲ್ಲೇ ನಡುಗುತ್ತದೆ, ಆಕ್ಸಿಲರೇಟರ್ ತಳ ಮುಟ್ಟಿರುತ್ತದೆ. ಕೇಳಿದರೆ, "ದೊಡ್ಡ ಗೇರಿನಲ್ಲಿ ಪೆಟ್ರೋಲ್ ಕಡಿಮೆ ಕುಡಿಯುತ್ತದಲ್ಲ ಸಾರ್?"

ಕಡೂರು ರಸ್ತೆಯ ಬಯಲಿನಲ್ಲಾದರೆ ಈ ಮಾತು ನಿಜ. ಇಂಜಿನ್ ಹೆಚ್ಚು ಸುತ್ತಿದಷ್ಟೂ ಒಳಗಿನ ಘರ್ಷಣೆಗೆ ಶಕ್ತಿ ಪೋಲಾಗುತ್ತದೆ. ಪೆಟ್ರೋಲ್ ಇಂಜಿನ್ನಿಗಂತೂ ಅರೆ ಮುಚ್ಚಿದ ಥ್ರಾಟಲ್ (ಗಾಳಿ ಒಳಬಿಡುವ ಕವಾಟ) ಮೂಲಕ ಗಾಳಿ ಎಳೆದುಕೊಳ್ಳುವುದೇ ಒಂದು ಹೊರೆ. ಆದ್ದರಿಂದ ಸಮತಟ್ಟಿನಲ್ಲಿ ಪೆಟ್ರೋಲ್ ಕಾರಿಗೆ 2,000ದಿಂದ 2,500, ಡೀಸೆಲ್‌ಗೆ 2,000 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಆಸುಪಾಸಿನಲ್ಲಿ ಮೇಲಿನ ಗೇರು ಹಾಕಿದರೆ ಲಾಭವೇ.

ಆದರೆ ಎಷ್ಟು ಆರ್‌ಪಿಎಂನಲ್ಲಿ ಗೇರು ಬದಲಿಸಿದಿರಿ ಎನ್ನುವುದಕ್ಕಿಂತ, ಬದಲಿಸಿದ ಮೇಲೆ ಆರ್‌ಪಿಎಂ ಮೀಟರಿನ ಮುಳ್ಳು ಎಲ್ಲಿಗೆ ಬಂದು ನಿಂತಿತು ಎನ್ನುವುದನ್ನು ನಾನು ನೋಡುತ್ತೇನೆ. ಸಾಮಾನ್ಯ ಐದು ಗೇರಿನ ಕಾರಿನಲ್ಲಿ ಎರಡರಿಂದ ಮೂರಕ್ಕೆ ಹೋದಾಗ ಸುತ್ತು ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. 2,000ದಲ್ಲಿ ಬದಲಿಸಿದರೆ 1,300ರ ಹತ್ತಿರ. ಬಯಲಿನಲ್ಲಿ ಅಷ್ಟು ಸಾಕು. ಏರಿನಲ್ಲಿ ಕ್ಲಚ್ ಒತ್ತಿದ ಅರೆಗಳಿಗೆಯಲ್ಲೇ ಕಾರಿನ ವೇಗವೂ ಕುಸಿಯುವುದರಿಂದ ಮುಳ್ಳು ಇನ್ನೂ ಕೆಳಗಿಳಿಯುತ್ತದೆ. ಅಲ್ಲಿ ಎಳೆಯುವ ತಾಕತ್ತಿಲ್ಲದೆ ಚಾಲಕ ಮತ್ತೂ ತುಳಿಯುತ್ತಾನೆ. ಪೂರ್ತಿ ತುಳಿದಾಗ ಬಹುತೇಕ ಪೆಟ್ರೋಲ್ ಇಂಜಿನ್‌ಗಳು ಮಿಶ್ರಣಕ್ಕೆ ಹೆಚ್ಚುವರಿ ಇಂಧನ ಸೇರಿಸುತ್ತವೆ. ಮಿಶ್ರಣ ತಾನಾಗಿಯೇ ಹೊತ್ತಿಕೊಂಡು ಬರುವ ಕಟಕಟ ಸದ್ದು ತಡೆಯಲು ಕಿಡಿಯನ್ನು ತಡಮಾಡುತ್ತವೆ, ಅದರಿಂದ ಶಕ್ತಿಯೂ ಕುಂದುತ್ತದೆ. ಉಳಿಸಲು ಹೋದದ್ದು ಅಲ್ಲೇ ಸೋರಿತು.

ಕಾಫಿ ಮೂಟೆ ಹೇರಿದ ಡೀಸೆಲ್ ಪಿಕಪ್‌ನವರು ಇದನ್ನು ಇನ್ನಷ್ಟು ಗಮನಿಸಬೇಕು. ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಎಚ್ಚರಗೊಳ್ಳುವ ಮೊದಲೇ ಒತ್ತಿ ಏರಿಸಿದರೆ ಮಸಿ ಹೆಚ್ಚುತ್ತದೆ. ಹೊಗೆಗೆ ಮಿತಿ ಹಾಕುವ 2020ರ ಬಿಎಸ್6 ನಿಯಮದ ನಂತರದ ಹಲವು ಗಾಡಿಗಳಲ್ಲಿ ಆ ಮಸಿಯನ್ನು ಹಿಡಿಯುವ ಫಿಲ್ಟರ್ ಇದೆ, ಅದನ್ನು ಸುಟ್ಟು ಶುಚಿ ಮಾಡಲು ಖರ್ಚಾಗುವುದೂ ನಿಮ್ಮ ಟ್ಯಾಂಕಿನ ಡೀಸೆಲ್ಲೇ.

ಡ್ಯಾಶ್‌ಬೋರ್ಡಿನಲ್ಲಿ ಗೇರು ಬದಲಿಸಲು ಹೇಳುವ ಬಾಣದ ಗುರುತು ಬಯಲಿಗೆ ಒಳ್ಳೆಯ ಗುರು. ಮುಂದೆ ಹೇರ್‌ಪಿನ್ ತಿರುವಿದೆ ಎಂಬುದು ಅದಕ್ಕೆ ಗೊತ್ತಿಲ್ಲ.

ಇಳಿಜಾರಿನ ಮಾತು ಬೇರೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್ ಹಾಕುವ ಚಟ ಕಾರ್ಬ್ಯುರೇಟರ್ ಕಾಲದ್ದು. ಇಂದಿನ ಇಂಜೆಕ್ಷನ್ ಇಂಜಿನ್ ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದರೆ ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗ್‌ಗೆ ಇಂಧನ ಬೇಕೇ ಬೇಕು, ಮೇಲಾಗಿ ಇಡೀ ಘಾಟಿಯ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ, ತೀರಾ ಕಡಿದಾದಲ್ಲಿ ಮೊದಲನೆಯದು. ಆಗ 3,000 ಆರ್‌ಪಿಎಂ ತೋರಿಸಿದರೂ ಗಾಬರಿ ಬೇಡ, ಆ ಸದ್ದಿಗೆ ಒಂದು ಹನಿ ಪೆಟ್ರೋಲೂ ಖರ್ಚಾಗುತ್ತಿರುವುದಿಲ್ಲ.