ಖಾಲಿ ತಕ್ಕಡಿಯ ಸಹಿ

ಕೋಲಾರದಲ್ಲಿ ತಾಲ್ಲೂಕು ಕಚೇರಿಗೆ ಹತ್ತಿರದ ಜೆರಾಕ್ಸ್ ಅಂಗಡಿಯೊಂದರಲ್ಲಿ ಕಳೆದ ವಾರ ಆದಾಯ ಪ್ರಮಾಣಪತ್ರದ ಪ್ರಿಂಟ್ ತೆಗೆಸುತ್ತಿದ್ದೆ. ಪರದೆಯ ಮೇಲೆ ಅಧಿಕಾರಿಯ ಡಿಜಿಟಲ್ ಸಹಿ ಇರಬೇಕಾದಲ್ಲಿ ಹಳದಿ ಬಣ್ಣದ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಕೂತಿತ್ತು. ‘ಇದೇನಪ್ಪಾ?’ ಎಂದೆ. ‘ಎಲ್ಲರದ್ದೂ ಹೀಗೆಯೇ ಬರುತ್ತದೆ ಸರ್, ನಡೆಯುತ್ತದೆ’ ಎಂದು ಹುಡುಗ ಗುಂಡಿ ಒತ್ತಿಯೇಬಿಟ್ಟ.

ಅವನ ಮಾತು ಸುಳ್ಳಲ್ಲ. ‘ಸಹಿ ನಕಲಿ’ ಎಂದು ಆ ಚಿಹ್ನೆ ಹೇಳುವುದಿಲ್ಲ. ‘ಈ ಸಹಿಗೆ ಜಾಮೀನು ನಿಂತವರ ಪರಿಚಯ ನನಗಿಲ್ಲ’ ಎನ್ನುತ್ತದೆ, ಅಷ್ಟೆ. ಭಾರತದ ಪ್ರಮಾಣೀಕರಣ ಪ್ರಾಧಿಕಾರವನ್ನು ನಂಬು ಎಂದು ಆ ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೀಗಾಗಿ ಸಹಿ ಪರಿಶೀಲಿಸುವ ತಂತ್ರಾಂಶ ಕೊಡಬಹುದಾದ ಉತ್ತರಗಳು ಮೂರು: ಸರಿ, ತಪ್ಪು, ಗೊತ್ತಾಗಲಿಲ್ಲ. ಈ ಮೂರನೆಯದನ್ನು ಮರೆತವರು ಪಟ್ಟ ಪಾಡು ಸಣ್ಣದಲ್ಲ.

ಸಂಪರ್ಕವನ್ನು ಸುರಕ್ಷಿತವಾಗಿಡಲು ಅಂತರಜಾಲದ ಅಸಂಖ್ಯ ಸರ್ವರ್‌ಗಳು ನೆಚ್ಚಿಕೊಂಡಿರುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವನ್ನೇ ನೋಡಿ. ಅದರಲ್ಲಿ ಸಹಿ ಸರಿಯಿದ್ದರೆ 1, ತಪ್ಪಾಗಿದ್ದರೆ 0, ಪರಿಶೀಲನೆಯೇ ಕೆಟ್ಟುಹೋದರೆ -1 ಎಂಬ ಉತ್ತರ ಬರುತ್ತಿತ್ತು. ಉತ್ತರ ಪಡೆಯುವ ಭಾಗ ಮಾತ್ರ ‘ಸೊನ್ನೆಯೋ, ಅಲ್ಲವೋ’ ಎಂದಷ್ಟೇ ಕೇಳುತ್ತಿತ್ತು. -1 ಸೊನ್ನೆಯಲ್ಲವಲ್ಲ, ಹಾಗಾಗಿ ಪಾಸು! ಪರೀಕ್ಷೆಯ ನಡುವೆ ಎದ್ದುಹೋದ ಹುಡುಗನನ್ನು ‘ನಪಾಸಂತೂ ಆಗಿಲ್ಲ’ ಎಂದು ಮುಂದಿನ ತರಗತಿಗೆ ದಾಟಿಸಿದ ಹಾಗೆ. ಇದಕ್ಕೆ ತೇಪೆ ಬಿದ್ದದ್ದು 2009ರ ಜನವರಿಯಲ್ಲಿ.

ನನ್ನನ್ನು ಇನ್ನೂ ಬೆರಗುಗೊಳಿಸುವ ದೋಷ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯದ್ದು. ಇಸಿಡಿಎಸ್‌ಎ ಎಂಬ ವಿಧಾನದಲ್ಲಿ ಸಹಿ ಎಂದರೆ ಆರ್ ಮತ್ತು ಎಸ್ ಎಂಬ ಎರಡು ಭಾರೀ ಸಂಖ್ಯೆಗಳು. ಸಹಿ ಹಾಕುವವರು ತಮ್ಮಲ್ಲಿರುವ ಗುಟ್ಟಿನ ಕೀಲಿಯಿಂದ ಇವನ್ನು ಹುಟ್ಟಿಸುತ್ತಾರೆ. ಪರಿಶೀಲಿಸುವವರು ಅವರ ಬಹಿರಂಗ ಕೀಲಿಯನ್ನೂ ದಾಖಲೆಯನ್ನು ಅರೆದು ತೆಗೆದ ಒಂದು ಸಂಖ್ಯೆಯನ್ನೂ ಇಟ್ಟುಕೊಂಡು ಲೆಕ್ಕ ಮಾಡುತ್ತಾರೆ. ಕೊನೆಗೆ ಬಂದ ಉತ್ತರವೂ ಸಹಿಯಲ್ಲಿರುವ ಆರ್ ಕೂಡ ಒಂದೇ ಆಗಿದ್ದರೆ ಸಹಿ ಸಾಚಾ. ಆದರೆ ಲೆಕ್ಕಕ್ಕೆ ಕೈಹಾಕುವ ಮೊದಲು ಆರ್, ಎಸ್ ಎರಡೂ ಕನಿಷ್ಠ 1 ಆದರೂ ಇವೆಯೇ ಎಂದು ನೋಡಿಕೊಳ್ಳಬೇಕು. ಇದು ನಿಯಮದ ಮೊದಲನೆಯ ಸಾಲು.

2020ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 15ಕ್ಕಾಗಿ, ಸಿ++ ಭಾಷೆಯಲ್ಲಿದ್ದ ಈ ಭಾಗವನ್ನು ಜಾವಾದಲ್ಲೇ ಹೊಸದಾಗಿ ಬರೆದರು. ನಕಲು ಮಾಡುವಾಗ ಒಂದು ಸಾಲು ಜಾರಿತು, ಅದೂ ಆ ಮೊದಲನೆಯ ಸಾಲೇ. ಈಗ ಯಾರಾದರೂ ಆರ್ ಸೊನ್ನೆ, ಎಸ್ ಸೊನ್ನೆ ಎಂದು ಖಾಲಿ ಸಹಿ ಕಳುಹಿಸಿದರೆ? ಲೆಕ್ಕದಲ್ಲಿ ಎಸ್‌ನಿಂದ ಭಾಗಿಸುವ ಹಂತವೊಂದಿದೆ. ಸೊನ್ನೆಯಿಂದ ಭಾಗಿಸಲು ಹೋದಾಗಲಾದರೂ ಯಂತ್ರ ಕಿರುಚಿಕೊಳ್ಳಬೇಕಿತ್ತು. ದುರದೃಷ್ಟಕ್ಕೆ ಅಲ್ಲಿ ಭಾಗಾಕಾರವನ್ನು ಘಾತದ ರೂಪದಲ್ಲಿ ಮಾಡಲಾಗುತ್ತಿತ್ತು, ಸೊನ್ನೆಯನ್ನು ಸೊನ್ನೆಯಿಂದಲೇ ಎಷ್ಟು ಸಲ ಗುಣಿಸಿದರೂ ಸೊನ್ನೆಯೇ. ದಾಖಲೆಯ ಸಂಖ್ಯೆ, ಬಹಿರಂಗ ಕೀಲಿ ಎಲ್ಲವೂ ಆ ಸೊನ್ನೆಯಲ್ಲಿ ಕರಗಿ ಉತ್ತರ ಸೊನ್ನೆ ಬಂತು. ಸಹಿಯಲ್ಲಿರುವ ಆರ್ ಎಷ್ಟು? ಸೊನ್ನೆ. ಸರಿಹೊಂದಿತು!

ಸಂತೆಯ ಹಳೆಯ ತಕ್ಕಡಿಯನ್ನು ನೆನೆಸಿಕೊಳ್ಳಿ. ಎರಡೂ ತಟ್ಟೆಗಳು ಬರಿದಾಗಿದ್ದರೂ ಮುಳ್ಳು ನಟ್ಟನಡುವೆಯೇ ನಿಲ್ಲುತ್ತದೆ. ಮುಳ್ಳನ್ನಷ್ಟೇ ನೋಡುವ ಗುಮಾಸ್ತ ‘ತೂಕ ಸರಿ’ ಎಂದು ಚೀಟಿ ಹರಿದುಕೊಟ್ಟರೆ ತಕ್ಕಡಿಯನ್ನು ಬೈದು ಪ್ರಯೋಜನವೇನು?

ಈ ಖಾಲಿ ಸಹಿ ಯಾವ ದಾಖಲೆಗೂ, ಯಾರ ಹೆಸರಿಗೂ ಹೊಂದುತ್ತಿತ್ತು. ಯಾರ ಗುಟ್ಟಿನ ಕೀಲಿಯನ್ನೂ ಕದಿಯಬೇಕಿರಲಿಲ್ಲ. ಫೋರ್ಜ್‌ರಾಕ್ ಸಂಸ್ಥೆಯಲ್ಲಿದ್ದ ನೀಲ್ ಮ್ಯಾಡನ್ ಇದನ್ನು ಪತ್ತೆಹಚ್ಚಿ 2021ರ ನವೆಂಬರಿನಲ್ಲಿ ಜಾವಾದ ಒಡೆತನವಿರುವ ಒರಾಕಲ್ ಕಂಪನಿಗೆ ತಿಳಿಸಿದರು, 2022ರ ಏಪ್ರಿಲ್‌ನಲ್ಲಿ ದುರಸ್ತಿಯಾಯಿತು. ಅಲ್ಲಿಯವರೆಗೆ ಜಾವಾ 15ರಿಂದ 18ರವರೆಗಿನ ಆವೃತ್ತಿಗಳಲ್ಲಿ ಹತ್ತೊಂಬತ್ತು ತಿಂಗಳು ಈ ಬಾಗಿಲು ತೆರೆದೇ ಇತ್ತು. ಹಳೆಯ ಜಾವಾ 8 ಮತ್ತು 11ನ್ನೇ ಹಿಡಿದುಕೊಂಡು ಕೂತಿದ್ದ ಸೋಮಾರಿಗಳು ಈ ಒಂದು ಸಲ ಬಚಾವಾದರು. ಸರಿಯಾದ ಸಹಿ ಪಾಸಾಗುತ್ತದೆಯೇ, ಒಂದಕ್ಷರ ತಿದ್ದಿದ ದಾಖಲೆ ಸಿಕ್ಕಿಬೀಳುತ್ತದೆಯೇ ಎಂದು ನೋಡುವುದು ಎಲ್ಲರಿಗೂ ತೋಚುತ್ತದೆ. ಬರಿಗೈಯಲ್ಲಿ ಬಂದು ನಿಲ್ಲುವ ಕಳ್ಳನನ್ನು ಊಹಿಸುವುದೇ ಕಷ್ಟ.

ಪಿಡಿಎಫ್‌ಗಳ ಕಥೆ ಬೇರೆ. ಜರ್ಮನಿಯ ಬೋಹುಮ್‌ನ ರೂರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದಂತೆ, ಅವರು ಪರೀಕ್ಷಿಸಿದ 22 ಪಿಡಿಎಫ್ ಓದುಗ ತಂತ್ರಾಂಶಗಳಲ್ಲಿ 21 ಮೋಸಹೋದವು. ಒಂದು ಉಪಾಯ ಹೀಗಿತ್ತು: ಸಹಿಯಾದ ಭಾಗವನ್ನು ಮುಟ್ಟದೆ, ಕಡತದ ಕೊನೆಗೆ ಹೊಸ ವಿಷಯ ಸೇರಿಸುವುದು. ತಂತ್ರಾಂಶ ಹಳೆಯ ಭಾಗವನ್ನು ಪರಿಶೀಲಿಸಿ ‘ಸಹಿ ಸರಿ’ ಎನ್ನುತ್ತಲೇ ಹೊಸ ಭಾಗವನ್ನು ತೋರಿಸುತ್ತಿತ್ತು. ಕ್ರಯಪತ್ರ ಬರೆಯುವವರು ಸಾಲಿನ ಕೊನೆಯಲ್ಲಿ ಉಳಿದ ಜಾಗಕ್ಕೆ ಗೆರೆ ಎಳೆದು ಮುಚ್ಚುವುದು ಇಂಥದ್ದಕ್ಕೇ.

ನನ್ನ ಪ್ರಮಾಣಪತ್ರವಂತೂ ಕಾಗದವಾಗಿ ಹೊರಬಂತು. ಕಾಗದಕ್ಕೆ ಇಳಿದ ಮೇಲೆ ಡಿಜಿಟಲ್ ಸಹಿ ಎಲ್ಲಿಯದು? ಉಳಿದದ್ದು ಶಾಯಿಯಲ್ಲಿ ಮೂಡಿದ ಪ್ರಶ್ನಾರ್ಥಕ ಚಿಹ್ನೆ ಮಾತ್ರ. ಕೊಡಬೇಕಾದ ಕಡೆ ಕೊಟ್ಟೆ. ಗುಮಾಸ್ತರು ಕನ್ನಡಕ ಸರಿಪಡಿಸಿಕೊಂಡು ಎರಡೂ ಮಗ್ಗುಲು ತಿರುಗಿಸಿ ನೋಡಿದರು. ‘ಎಲ್ಲಾ ಸರಿ ಇದೆ. ಇದರ ಮೇಲೆ ಯಾರಿಂದಲಾದರೂ ಒಂದು ಸೀಲು ಹಾಕಿಸಿಕೊಂಡು ಬಂದುಬಿಡಿ’ ಎಂದರು.