ಸಿದ್ದಿಗಳು: ಜಿಲ್ಲೆಯ ಗಡಿ ದಾಟದ ಹಕ್ಕು

ಉತ್ತರ ಕನ್ನಡದ ಹಳಿಯಾಳದ ಸಿದ್ದಿ ಹುಡುಗಿಯನ್ನು ಪಕ್ಕದ ಧಾರವಾಡ ಜಿಲ್ಲೆಯ ಕಲಘಟಗಿಯ ಸಿದ್ದಿ ಮನೆಗೆ ಮದುವೆ ಮಾಡಿಕೊಟ್ಟರು ಅಂದುಕೊಳ್ಳಿ. ತವರಿನಲ್ಲಿ ಅವಳು ಪರಿಶಿಷ್ಟ ಪಂಗಡ. ಅವಳ ಮಕ್ಕಳಿಗೆ ಮಾತ್ರ ಆ ಸರ್ಟಿಫಿಕೇಟ್ ಸಿಗುತ್ತಿರಲಿಲ್ಲ. 2003ರಿಂದ 2020ರವರೆಗೆ ಹೀಗೇ ಇತ್ತು. ಏಕೆಂದರೆ ಪಟ್ಟಿಯಲ್ಲಿ 'ಸಿದ್ದಿ' ಎಂಬ ಹೆಸರಿನ ಮುಂದೆ 'ಉತ್ತರ ಕನ್ನಡ ಜಿಲ್ಲೆಯಲ್ಲಿ' ಎಂದು ಬರೆದಿತ್ತು.

ಇವರ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಮುಂದೆ ಮೊಜಾಂಬಿಕ್ ಕಡೆಯಿಂದ ಹಡಗಿನಲ್ಲಿ ಜನರನ್ನು ತಂದು ಅಲ್ಲಿ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಹಾಗಂತ ದಖ್ಖನಿಗೆ ಬಂದ ಎಲ್ಲ ಆಫ್ರಿಕನ್ನರ ಪಾಡೂ ಒಂದೇ ಆಗಿರಲಿಲ್ಲ. ಗುಲಾಮನಾಗಿ ಬಂದ ಇಥಿಯೋಪಿಯಾದ ಮಲಿಕ್ ಅಂಬರ್ ಅಹ್ಮದ್‌ನಗರದ ಆಡಳಿತವನ್ನೇ ನಡೆಸಿದ. ಅವನ ಕೈಯಲ್ಲಿ ಸೈನ್ಯವಿತ್ತು. ಘಟ್ಟದವರ ಹೆಸರಿನಲ್ಲಿ ತುಂಡು ಜಮೀನೂ ಇರಲಿಲ್ಲ. ಅಡಿಕೆ ತೋಟದ ಕೂಲಿ, ಸಾಲ, ಮತ್ತೆ ಕೂಲಿ. ವ್ಯತ್ಯಾಸ ಇದ್ದದ್ದು ಇಲ್ಲಿ, ಮೈಬಣ್ಣದಲ್ಲಲ್ಲ.

ಆದರೂ ನಾವು ಮೊದಲು ನೋಡುವುದು ಬಣ್ಣ, ಕೂದಲನ್ನೇ ಅಲ್ವಾ? ಮನೆಯಲ್ಲಿ ಕೊಂಕಣಿ, ಊರಲ್ಲಿ ಕನ್ನಡ ಮಾತಾಡುವವರನ್ನು ಇವತ್ತಿಗೂ 'ಯಾವ ದೇಶ?' ಎಂದು ಕೇಳುತ್ತಾರೆ. ಸರ್ಕಾರವೂ ಮೈಕಟ್ಟನ್ನೇ ನೋಡಿತು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ, ಆಫ್ರಿಕಾ ಮೂಲದವರು ಚೆನ್ನಾಗಿ ಓಡುತ್ತಾರೆಂದು ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ಊರಿಗೆ ವಾಪಸಾದರು. ನನಗೆ ಇದು ದೊಡ್ಡ ಅನ್ಯಾಯವಾಗಿಯೇ ಕಾಣುತ್ತದೆ.

ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಇದ್ದಾರೆ. ಪರಿಶಿಷ್ಟ ಜಾತಿಗೆ ಧರ್ಮದ ಷರತ್ತಿದೆ, ಪಂಗಡಕ್ಕಿಲ್ಲ. ಹಾಗಾಗಿ 2003ರಲ್ಲಿ ಮೂರೂ ಧರ್ಮದವರು ಒಟ್ಟಿಗೇ ಪಟ್ಟಿಗೆ ಸೇರಿದರು. ಹೊರಗುಳಿದವರು ಧಾರವಾಡ, ಬೆಳಗಾವಿ ಜಿಲ್ಲೆಯವರು.

ಇದರ ಪೆಟ್ಟು ಜಾಸ್ತಿ ಬಿದ್ದದ್ದು ಜಮೀನಿನ ಮೇಲೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ, ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನ ಜಮೀನು ಸಾಗುವಳಿ ಮಾಡುತ್ತಿದ್ದರೆ ಸಾಕು, ಅದರ ಹಕ್ಕು ಕೇಳಬಹುದು. ಉಳಿದ ಕಾಡುವಾಸಿಗಳು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. ಆಗ ಈ ಮೂರೂ ಜಿಲ್ಲೆ ಬ್ರಿಟಿಷರ ಮುಂಬೈ ಪ್ರಾಂತ್ಯದಲ್ಲಿದ್ದವು. ಕೂಲಿಯಾಳಿನ ಹೆಸರಿನಲ್ಲಿ ಆ ಕಾಲದ ಕಾಗದ ಎಲ್ಲಿಂದ ಬರಬೇಕು? ಹಿರಿಯರ ಹೇಳಿಕೆಯನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದು ನಿಯಮ ಹೇಳುತ್ತದೆ, ನಿಜ. ಆದರೆ 1930 ಕಂಡ ಹಿರಿಯರು ಈಗ ಎಷ್ಟು ಜನ ಉಳಿದಿದ್ದಾರೆ?

2020ರಲ್ಲಿ ಸಂಸತ್ತು ಪಟ್ಟಿ ತಿದ್ದಿ ಧಾರವಾಡ, ಬೆಳಗಾವಿಯ ಸಿದ್ದಿಗಳನ್ನೂ ಸೇರಿಸಿತು. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸಕರಾದವರಲ್ಲಿ ಅವರೇ ಮೊದಲಿಗರು. ಪಟ್ಟಿ ತಿದ್ದುವ ಮೊದಲು 75 ವರ್ಷದ ದಾಖಲೆ ಇಲ್ಲವೆಂದು ಆ ಎರಡು ಜಿಲ್ಲೆಗಳ ಯಾವ ಸಿದ್ದಿಯ ಅರ್ಜಿ ಬಿದ್ದುಹೋಗಿದ್ದರೂ, ಅದನ್ನು ಪರಿಶಿಷ್ಟ ಪಂಗಡದವರ ನಿಯಮದಡಿ ಮತ್ತೆ ಕೈಗೆತ್ತಿಕೊಳ್ಳಬೇಕು. ಅವರು ಮತ್ತೊಮ್ಮೆ ಕಚೇರಿಗೆ ಅಲೆಯುವಂತಾಗಬಾರದು.